ಹಳೇ ಪಿಕಪ್‌ಗೆ ಹೊಸ ಲೈಟ್ ಆಮೇಲೆ, ಮೊದಲು ಹೊಸ ಬ್ರೇಕ್

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಮೆಕ್ಯಾನಿಕಲ್‌ನವರು ಕೆಂಪಾಪುರಕ್ಕೆ ಹೋಗಿದ್ವಿ. ಮಾಗಡಿ ತಾಲ್ಲೂಕಿನ ಈ ಊರು 2015ರಲ್ಲಿ ಕೆಂಪೇಗೌಡರ ಸಮಾಧಿಯನ್ನು ಇಲ್ಲಿ ಗುರುತಿಸಿದ ಮೇಲೆ ಎಲ್ಲರಿಗೂ ಗೊತ್ತಾಯ್ತು. ಸಮಾಧಿಗೆ ಕೈ ಮುಗಿದು ಬಂದ್ವಿ, ನಿಜ. ಆದ್ರೆ ನಾವು ಹೋಗಿದ್ದ ಅಸಲಿ ಕೆಲಸ ಬೇರೆ ಇತ್ತು. ನಮ್ಮ ಗೆಳೆಯನ ಮನೆಯ ಹಿತ್ತಲಲ್ಲಿ ನಿಂತಿದ್ದ ಹನ್ನೆರಡು ವರ್ಷದ ಪಿಕಪ್ ನೋಡಬೇಕಿತ್ತು.

ಅದು ಡಬಲ್ ಕ್ಯಾಬಿನ್ ಗಾಡಿ. ಮುಂದೆ ಇಬ್ಬರು, ಹಿಂದಿನ ಸೀಟಲ್ಲಿ ಮೂವರು, ಅದರ ಹಿಂದೆ ತೆರೆದ ಬಾಡಿ. ಇಷ್ಟು ವರ್ಷ ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು, ಸೀಸನ್‌ನಲ್ಲಿ ಮಾವಿನ ಕ್ರೇಟು, ಉಳಿದ ದಿನ ಹಸುವಿನ ಫೀಡ್ ಮೂಟೆ ಹೊತ್ತಿದೆ. ಈಗ ಮನೆಯಲ್ಲಿ ಹಿಪ್ಪುನೇರಳೆ ಬಿಟ್ಟು ಅಡಿಕೆ ಹಾಕಿದ್ದಾರೆ, ಗಾಡಿಗೆ ಕೆಲಸ ಕಮ್ಮಿ. ನಮ್ಮ ಗೆಳೆಯನ ಆಸೆ ಏನಂದ್ರೆ, ಅದನ್ನ ಮನೆಮಂದಿಯೆಲ್ಲ ಟೂರ್ ಹೋಗೋ ಗಾಡಿ ಮಾಡ್ಬೇಕು. ಅಜ್ಜಿಗೆ ಮಲೆ ಮಹದೇಶ್ವರ ಬೆಟ್ಟ ನೋಡ್ಬೇಕು ಅಂತ ಬಹಳ ದಿನದ ಹರಕೆ. ಅಲ್ಲಿಂದ ಶುರು ಮಾಡಿ, ಅಡುಗೆ ಸಾಮಾನು ಹಾಸಿಗೆ ಎಲ್ಲ ಗಾಡಿಯಲ್ಲೇ ಇಟ್ಕೊಂಡು ವರ್ಷಕ್ಕೆ ಎರಡು ಸಲ ಊರೂರು ಸುತ್ತೋದು. ಫೋನಲ್ಲಿ ವಿಡಿಯೋ ನೋಡೋರಿಗೆಲ್ಲ ಈ ಹೆಸರು ಗೊತ್ತಿರುತ್ತೆ: ಓವರ್‌ಲ್ಯಾಂಡಿಂಗ್.

ಅವನ ಕೈಯಲ್ಲಿ ಒಂದು ಪಟ್ಟಿ ಇತ್ತು. ಟಾಪ್ ಮೇಲೆ ಬಿಚ್ಚಿಕೊಳ್ಳೋ ಟೆಂಟು, ಗಾಡಿ ಎತ್ತರ ಮಾಡೋ ಲಿಫ್ಟ್ ಕಿಟ್, ದಪ್ಪ ಟೈರು, ಎಲ್‌ಇಡಿ ಲೈಟ್ ಬಾರ್, ಮುಂದೆ ಕಬ್ಬಿಣದ ಗಾರ್ಡು. ಸುಳ್ಳು ಯಾಕೆ ಹೇಳೋಣ, ನಮಗೂ ಬಾಯಲ್ಲಿ ನೀರೂರಿತು. ಪಟ್ಟಿಗೆ ನಾವೇ ಇನ್ನೆರಡು ಐಟಂ ಸೇರಿಸಿದ್ವಿ.

ಸಂಜೆ ಗಾಡಿ ಹೊರಗೆ ತೆಗೆದ್ವಿ. ಸಾವನದುರ್ಗದ ಕಡೆ ಒಂದು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯ್ತು. ಎರಡು ಸಲ ಪಂಪ್ ಮಾಡಿದ ಮೇಲೆ ಹಿಡೀತು. ಗಾಡಿಯಲ್ಲಿ ಸರಕು ಇರಲಿಲ್ಲ, ವೇಗ ಮೂವತ್ತೂ ಇರಲಿಲ್ಲ, ಆದ್ದರಿಂದ ಏನೂ ಆಗಲಿಲ್ಲ. ಗೆಳೆಯ ಮಾತ್ರ ನಗ್ತಾ, "ಮೊದಲಿಂದ್ಲೂ ಹಂಗೇ ಕಣ್ರೋ, ಅಭ್ಯಾಸ ಆಗ್ಬಿಟ್ಟೈತೆ" ಅಂದ. ಈ ಲೇಖನ ಹುಟ್ಟಿದ್ದು ಆ ಮಾತಿಂದ. ಬ್ರೇಕ್ ಇಲ್ಲದ್ದು ಅಭ್ಯಾಸ ಆಗಿತ್ತು, ಆದ್ರೆ ನಮ್ಮ ಪಟ್ಟಿಯಲ್ಲಿ ಬ್ರೇಕ್ ಅನ್ನೋ ಪದವೇ ಇರಲಿಲ್ಲ!

ನಮ್ಮ ಅಭಿಪ್ರಾಯ ಇಷ್ಟೇ: ಹಳೇ ಪಿಕಪ್‌ನಲ್ಲಿ ಮನೆಯವರನ್ನ ಕರ್ಕೊಂಡು ದೂರ ಹೋಗಬೇಕು ಅಂತಿದ್ರೆ, ಮೊದಲ ರೂಪಾಯಿಯಿಂದ ಅರ್ಧಕ್ಕಿಂತ ಹೆಚ್ಚು ದುಡ್ಡು ಫೋಟೋದಲ್ಲಿ ಕಾಣದ ಜಾಗಕ್ಕೆ ಹೋಗಬೇಕು. ಮತ್ತೆ, ಸೀಟು ಎಷ್ಟಿದೆಯೋ ಅಷ್ಟೇ ಜನ ಹತ್ತಬೇಕು.

ಹೆಸರು ಹೊಸದು, ಪ್ರಯಾಣ ಹಳೇದು

ಓವರ್‌ಲ್ಯಾಂಡಿಂಗ್ ಅನ್ನೋ ಪದ ಬಂದಿದ್ದು ಆಸ್ಟ್ರೇಲಿಯಾದಿಂದ. ದನಗಳ ಹಿಂಡನ್ನ ನೂರಾರು ಮೈಲಿ ದೂರ ಹೊಡ್ಕೊಂಡು ಹೋಗೋ ಕೆಲಸಕ್ಕೆ ಅಲ್ಲಿ ಆ ಹೆಸರಿತ್ತು. ಇದನ್ನ ಅಜ್ಜಿಗೆ ಹೇಳಿದಾಗ ಅವರಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. "ಅಯ್ಯೋ, ನಮ್ಮಪ್ಪ ಘಾಟಿ ದನದ ಜಾತ್ರೆಗೆ ಎತ್ತು ಹೊಡ್ಕಂಡು ಹೋಗೋರಲ್ಲ, ಅದೇ ತಾನೆ? ಬಂಡೀಲಿ ರಾಗಿ ಹಿಟ್ಟು, ಮಡಕೆ, ಚಾಪೆ. ರಾತ್ರಿ ಬಂಡಿ ಕೆಳಗೇ ಮಲಗೋದು" ಅಂದ್ರು.

ಅಜ್ಜಿ ಇನ್ನೊಂದು ಮಾತು ಹೇಳಿದ್ರು. ಬಂಡಿ ಹೊರಡೋ ಹಿಂದಿನ ದಿನ ಅವರಪ್ಪ ಮಾಡ್ತಿದ್ದ ಕೆಲಸ ಎರಡೇ. ಅಚ್ಚಿಗೆ ಕೀಲೆಣ್ಣೆ ಹಾಕೋದು, ಎತ್ತಿನ ಕಾಲಿನ ಲಾಳ ನೋಡೋದು. ಕೊಂಬಿಗೆ ಬಣ್ಣ ಹಚ್ಚೋದು ಅದಾದ ಮೇಲೆ. ಅಚ್ಚು, ಲಾಳ, ಆಮೇಲೆ ಬಣ್ಣ. ನಾವು ಮಾಡ್ತಿರೋದು ಇದರ ಉಲ್ಟಾ: ಬಣ್ಣ ಮೊದಲು, ಅಚ್ಚು ಯಾವಾಗ್ಲೋ.

ಎರಡು ಕ್ಯಾನ್ ನೀರಿನ ಲೆಕ್ಕ

ರಾತ್ರಿ ಜಗಲಿ ಮೇಲೆ ಕೂತು ಲೆಕ್ಕ ಹಾಕಿದ್ವಿ. ಎಲ್ಲ ಮೊದಲ ವರ್ಷದ ಫಿಸಿಕ್ಸೇ.

ಸಾಮಾನು, ಜನ ಎಲ್ಲ ಸೇರಿ ಗಾಡಿ 2,600 ಕೆಜಿ ಅಂತಿಟ್ಕೊಳ್ಳಿ. 500 ಮೀಟರ್ ಎತ್ತರದಿಂದ ಕೆಳಗೆ ಇಳೀಬೇಕು. ದ್ರವ್ಯರಾಶಿ, ಗುರುತ್ವ, ಎತ್ತರ ಗುಣಿಸಿದ್ರೆ ಸುಮಾರು 1.27 ಕೋಟಿ ಜೂಲ್. ನಮ್ಮ ಹಾಸ್ಟೆಲ್‌ಗೆ ಬರೋ 20 ಲೀಟರ್ ಕ್ಯಾನ್ ಎರಡನ್ನ 25 ಡಿಗ್ರಿಯಿಂದ ಕುದಿಯೋವರೆಗೂ ಕಾಯಿಸೋಕೆ ಬೇಕಾದಷ್ಟು ಶಾಖ ಇದು. ಸ್ವಲ್ಪ ಭಾಗ ಗಾಳಿಗೆ, ಟೈರಿಗೆ ಹೋಗುತ್ತೆ. ಚಿಕ್ಕ ಗೇರಲ್ಲಿ ಇಳಿಸಿದ್ರೆ ದೊಡ್ಡ ಪಾಲನ್ನ ಎಂಜಿನ್ ತಗೊಳ್ಳುತ್ತೆ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸ್ತೀನಿ ಅಂತ ಇಳಿಸಿದ್ರೆ? ಹೆಚ್ಚುಕಮ್ಮಿ ಪೂರ್ತಿ ಬ್ರೇಕಿನ ಮೇಲೆ ಬೀಳುತ್ತೆ.

ಇನ್ನು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರೋ ತೇವ ಹೀರುತ್ತೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೂ ಕುದಿಯಬಾರದು ಅನ್ನೋದು ಮಾನದಂಡ. ತೇವ ಹೀರಿದ ಮೇಲಿನ ಮಾನದಂಡ 140 ಡಿಗ್ರಿ ಅಷ್ಟೇ. ಆಯಿಲ್ ಕುದ್ದರೆ ಪೈಪಲ್ಲಿ ಆವಿ ತುಂಬುತ್ತೆ, ಆವಿ ಅದುಮಿಕೊಳ್ಳುತ್ತೆ, ಪೆಡಲ್ ನೆಲಕ್ಕೆ ಹೋಗುತ್ತೆ. ಗೆಳೆಯನ ಗಾಡಿಯ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿದ್ವಿ. ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ. ಬಾಟಲಿ ಬಿಚ್ಚಿ ನೋಡಿದ್ರೆ ಕಷಾಯದ ಬಣ್ಣ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಆಯಿಲ್ ಅದು. ಲೈಟ್ ಬಾರಿಗೆ ಹೋಲಿಸಿದ್ರೆ ಅದರ ಬೆಲೆ ಏನೂ ಅಲ್ಲ.

ಎತ್ತರ ಮಾಡಿದ್ರೆ ಏನಾಗುತ್ತೆ

ಪಟ್ಟಿಯಲ್ಲಿದ್ದ ಟೆಂಟು ಮತ್ತು ಲಿಫ್ಟ್ ಕಿಟ್ಟಿಗೂ ಲೆಕ್ಕ ಹಾಕಿದ್ವಿ. ಗಾಡಿ ತಿರುವಿನಲ್ಲಿ ಎಷ್ಟು ಸುಲಭವಾಗಿ ಮಗುಚುತ್ತೆ ಅಂತ ಅಂದಾಜು ಮಾಡೋಕೆ ಒಂದು ಸರಳ ಸೂತ್ರ ಇದೆ: ಎಡ ಬಲ ಚಕ್ರಗಳ ನಡುವಿನ ಅಗಲವನ್ನ ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸೋದು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ತನ್ನ ರೇಟಿಂಗ್‌ಗೆ ಇದನ್ನೇ ಬಳಸುತ್ತೆ. ಉತ್ತರ ದೊಡ್ಡದಿದ್ದಷ್ಟೂ ಒಳ್ಳೇದು.

ಅಗಲ 1.45 ಮೀಟರ್, ಕೇಂದ್ರದ ಎತ್ತರ 0.70 ಮೀಟರ್, ತೂಕ 2,000 ಕೆಜಿ ಅಂತ ಊಹೆ ಮಾಡಿದ್ವಿ. ಉತ್ತರ 1.04. ಈಗ ಕ್ಯಾರಿಯರ್, ಟೆಂಟು ಎರಡೂ ಸೇರಿ 100 ಕೆಜಿಯನ್ನ 2.2 ಮೀಟರ್ ಎತ್ತರದಲ್ಲಿಟ್ರೆ 0.94ಕ್ಕೆ ಇಳಿಯುತ್ತೆ. ಅದರ ಜೊತೆ ಗಾಡಿಯನ್ನ ಐದು ಸೆಂಟಿಮೀಟರ್ ಎತ್ತಿದ್ರೆ 0.88. ಅಂದ್ರೆ ಸಾವಿರಾರು ರೂಪಾಯಿ ಖರ್ಚು ಮಾಡಿ ಶೇಕಡಾ 15ರಷ್ಟು ಸ್ಥಿರತೆಯನ್ನ ನಾವೇ ಕಳ್ಕೊಂಡ ಹಾಗೆ. ನಮ್ಮ ಊಹೆ ಆಚೀಚೆ ಆದ್ರೂ ದಿಕ್ಕು ಬದಲಾಗಲ್ಲ.

ದಪ್ಪ ಟೈರಿನದ್ದೂ ಇದೇ ಕಥೆ. ವ್ಯಾಸ 700 ಮಿಲಿಮೀಟರ್ ಇದ್ದದ್ದು 760 ಆದ್ರೆ, ಮೀಟರಲ್ಲಿ 60 ತೋರಿಸುವಾಗ ನಿಜವಾದ ವೇಗ 65. ಎಂಜಿನ್‌ಗೆ ಏರು ಹತ್ತೋದು ಕಷ್ಟ, ಬ್ರೇಕಿಗೆ ನಿಲ್ಲಿಸೋದು ಕಷ್ಟ. ಅದರ ಬದಲು ಕಂಪನಿ ಹೇಳಿದ ಅಳತೆಯ ಹೊಸ ಟೈರು ಹಾಕಿ. ಹಳೇ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ, ನೋಡಿ. 2318 ಅಂತಿದ್ರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯದ್ದೂ ನೋಡಿ. ನಾವು ನೋಡಿದ ಸ್ಟೆಪ್ನಿ ಗಾಡಿಯ ಜೊತೆಗೇ ಹುಟ್ಟಿದ್ದು, ಹನ್ನೆರಡು ವರ್ಷದ್ದು.

ಪಿಕಪ್ ಹಿಂದೆ ಕುಲುಕೋದಕ್ಕೆ ಕಾರಣ ಅದರ ಲೀಫ್ ಸ್ಪ್ರಿಂಗು. ಒಂದು ಟನ್ ಹೊರಲಿ ಅಂತ ಮಾಡಿದ್ದು, ಖಾಲಿ ಇದ್ದಾಗ ಅದು ಬಗ್ಗೋದೇ ಇಲ್ಲ. ಕೆಲವರು ಮೆತ್ತಗಾಗ್ಲಿ ಅಂತ ಪ್ಲೇಟ್ ತೆಗೆಸ್ತಾರೆ, ಕೆಲವರು ಎತ್ತರ ಆಗ್ಲಿ ಅಂತ ಪ್ಲೇಟ್ ಸೇರಿಸ್ತಾರೆ. ಎರಡೂ ತಪ್ಪು ಅಂತ ನಮ್ಮ ಅಭಿಪ್ರಾಯ. ಸವೆದ ಬುಷ್ ಬದಲಾಯಿಸಿ, ಸೋರ್ತಿರೋ ಶಾಕ್ ಅಬ್ಸಾರ್ಬರ್ ಬದಲಾಯಿಸಿ, ಸಾಮಾನಿನ ಭಾರವನ್ನ ಹಿಂದಿನ ಅಚ್ಚಿಗಿಂತ ಮುಂದೆ, ನೆಲಕ್ಕೆ ಹತ್ತಿರ ಕಟ್ಟಿ. ಅಷ್ಟಕ್ಕೇ ಅರ್ಧ ಕುಲುಕಾಟ ಹೋಗುತ್ತೆ.

ಇಲೆಕ್ಟ್ರಿಕಲ್ ಗೆಳೆಯರಿಗೂ ಒಂದು ಮಾತು. 12 ವೋಲ್ಟಿನಲ್ಲಿ 100 ವ್ಯಾಟ್ ಲೈಟು ಎಂಟು ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತೆ. ಎರಡು ಹಾಕಿದ್ರೆ ಹದಿನಾರು. ರಿಲೇ, ಫ್ಯೂಸ್ ಇಲ್ಲದೆ ಹಳೇ ವೈರಿಗೆ ಸುತ್ತಿ ಟೇಪ್ ಹಾಕೋದು ಅಂದ್ರೆ ಗಾಡಿಯೊಳಗೆ ಒಲೆ ಹಚ್ಚಿದ ಹಾಗೆ. ಒಲೆ ಅಂದಾಗ ನೆನಪಾಯ್ತು: ಅಡುಗೆಗೆ 5 ಕೆಜಿಯ ಸಣ್ಣ ಸಿಲಿಂಡರ್ ಸಾಕು. ಅದು ತೆರೆದ ಬಾಡಿಯಲ್ಲಿ ನೆಟ್ಟಗೆ ನಿಂತಿರಬೇಕು, ಹಗ್ಗದಿಂದ ಬಿಗಿದಿರಬೇಕು, ಕ್ಯಾಬಿನ್ ಒಳಗೆ ಇಡಲೇಬಾರದು.

ಕಾನೂನು ಏನನ್ನುತ್ತೆ

ನಾವು ಎಂಜಿನಿಯರಿಂಗ್ ಹುಡುಗರು ಕಾನೂನಿನ ವಿಷಯ ಬಂದ್ರೆ, ಪೊಲೀಸ್ ಹಿಡಿದಾಗ ನೋಡ್ಕೊಳ್ಳೋಣ ಅಂತೀವಿ. ಸ್ವಲ್ಪ ಓದಿದ ಮೇಲೆ ನಮಗೆ ಆ ಧೈರ್ಯ ಉಳಿದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಹೇಳಿದ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಮುಂದಿನ ಕಬ್ಬಿಣದ ಗಾರ್ಡಿಗೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡ ಅಂದಿದೆ. ಪಾದಚಾರಿಗೆ ಡಿಕ್ಕಿಯಾದ್ರೆ ಅದು ಅವರ ಮೂಳೆ ಮುರಿಯುತ್ತೆ, ಒಳಗಿರೋರಿಗೂ ಒಳ್ಳೇದಲ್ಲ. ತೆಗೆದಿಡೋ ಸಾಮಾನಿಗೂ, ವೆಲ್ಡ್ ಮಾಡಿ ಕೂರಿಸೋ ಬದಲಾವಣೆಗೂ ವ್ಯತ್ಯಾಸ ಇದೆ. ಅನುಮಾನ ಇದ್ರೆ ದುಡ್ಡು ಸುರಿಯೋ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಸರಕು ವಾಹನವಾದ್ರೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಇರುತ್ತೆ. ಹೇಗಿದ್ರೂ ಅವರ ಎದುರು ನಿಲ್ಲಲೇಬೇಕು.

ಇನ್ನೂ ಮುಖ್ಯವಾದದ್ದು ವಿಮೆ. ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಕೊನೆಯಲ್ಲಿ ಒಂದು ತೀರ್ಪು ಕೊಟ್ಟಿದೆ. ಸರಕು ವಾಹನದಲ್ಲಿ ಬಾಡಿಗೆ ಕೊಡದೆ ಸುಮ್ಮನೆ ಕೂತು ಹೋದವರಿಗೆ ಪರಿಹಾರ ಕೊಡೋ ಹೊಣೆ ವಿಮಾ ಕಂಪನಿಯದ್ದಲ್ಲ ಅಂತ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಜೊತೆಗೆ ಹೋಗೋದು ಬೇರೆ, ಮನೆಮಂದಿ ಟೂರ್ ಹೋಗೋದು ಬೇರೆ. ಆದ್ದರಿಂದ ಆರ್‌ಸಿಯಲ್ಲಿ ಗಾಡಿ ಯಾವ ವರ್ಗ ಅಂತಿದೆ, ಎಷ್ಟು ಸೀಟು ಅಂತಿದೆ ಮೊದಲು ನೋಡಿ. ಕ್ಯಾಬಿನ್‌ನಲ್ಲಿ ಕೂರೋ ಐದೂ ಜನಕ್ಕೆ ಪಾಲಿಸಿಯಲ್ಲಿ ಏನು ರಕ್ಷಣೆ ಇದೆ ಅಂತ ವಿಮಾ ಕಂಪನಿಯಿಂದ ಬರಹದಲ್ಲೇ ತಗೊಳ್ಳಿ. ಏಜೆಂಟ್ ಬಾಯಲ್ಲಿ ಹೇಳಿದ್ದು ಸಾಲದು.

ಹಿಂದ್ಗಡೆ ಕೂರೋ ಮಾತು

ನಿಜವಾದ ಜಗಳ ಆಗಿದ್ದು ಇಲ್ಲಿ. ಮನೆಯಲ್ಲಿ ಏಳು ಜನ: ಅಜ್ಜಿ, ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ನಮ್ಮ ಗೆಳೆಯ, ಅವನ ತಂಗಿ. ಸೀಟು ಐದು. ದೊಡ್ಡಪ್ಪ ಸುಲಭವಾಗಿ ಪರಿಹಾರ ಕೊಟ್ರು. ಹಿಂದಿನ ಬಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ, ಬಿಸಿಲಿಗೆ ಟಾರ್ಪಾಲು. "ಮೂವತ್ತ್ ವರ್ಷದಿಂದ ಬೀಗರೂಟಕ್ಕೆ, ಜಾತ್ರೆಗೆ ಹಿಂದ್ಗಡೆ ಕುಂತ್ಕಂಡೇ ಹೋಗಿದ್ದೀವಿ, ಏನಾಗೈತಪ್ಪ?" ಅಂದ್ರು.

ದೊಡ್ಡವರ ಎದುರು ಮಾತಾಡೋದು ಕಷ್ಟ. ಅದೂ ಅವರ ಮನೆ ಮುದ್ದೆ ಉಂಡ ಮೇಲೆ ಇನ್ನೂ ಕಷ್ಟ. ಆದ್ರೂ ಹೇಳಿದ್ವಿ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರದ ಹತ್ತಿರ ಮಗುಚಿತು. ಹಣ್ಣು, ತರಕಾರಿ ಮೂಟೆಗಳ ಜೊತೆ ವ್ಯಾಪಾರಿಗಳೂ ಹಿಂದೆ ಕೂತಿದ್ರು. ಹತ್ತು ಜನ ತೀರಿಕೊಂಡ್ರು. ಅವರೂ ಅದಕ್ಕೂ ಮೊದಲು ಎಷ್ಟೋ ವಾರ ಹಾಗೇ ಹೋಗಿ ಬಂದಿದ್ದವರೇ ಇರಬೇಕು. "ಇಷ್ಟು ದಿನ ಏನೂ ಆಗಿಲ್ಲ" ಅನ್ನೋದು ಸುರಕ್ಷತೆಯ ಲೆಕ್ಕ ಅಲ್ಲ, ಅದೃಷ್ಟದ ಲೆಕ್ಕ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಬೆಳಗಿನ ಜಾವ ಸಂತೆಗೆ ಹೋಗೋ ವ್ಯಾಪಾರಿಗೆ, ಕೂಲಿಗೆ ಹೋಗೋ ಹೆಣ್ಣುಮಕ್ಕಳಿಗೆ ಬೇರೆ ದಾರಿ ಇರಲ್ಲ. ಬಸ್ಸಿಲ್ಲ, ಇದ್ರೂ ಮೂಟೆ ಹಾಕಿಸ್ಕೊಳ್ಳಲ್ಲ. ಅವರ ಮೇಲೆ ತಪ್ಪು ಹೊರಿಸಿ ಮಾತಾಡೋ ಹಕ್ಕು ನಮಗಿಲ್ಲ. ಆದ್ರೆ ನಾವು ಹೊರಟಿರೋದು ಟೂರಿಗೆ. ನಮಗೆ ಬೇರೆ ದಾರಿ ಇದೆ. ಇದ್ದೂ ಹಿಂದೆ ಕೂರಿಸಿದ್ರೆ ಅದಕ್ಕೆ ಬಡತನದ ನೆಪ ಹೇಳೋಕಾಗಲ್ಲ.

ಕೊನೆಗೆ ಜಗಳ ಬಿಡಿಸಿದ್ದು ಅಜ್ಜಿ. "ಬಂಡಿಗೆ ಎಷ್ಟು ಜನ ಹತ್ತಬೇಕು ಅನ್ನೋದ್ನ ನಮ್ಮಪ್ಪ ಎತ್ತು ನೋಡಿ ಹೇಳೋರು. ಮಿಕ್ಕೋರು ನಡ್ಕಂಡು ಬರೋರು" ಅಂದ್ರು. ದೊಡ್ಡಪ್ಪ ಮತ್ತೆ ಮಾತಾಡಲಿಲ್ಲ.

ಕಡೆಗೆ ಏನು ಮಾಡಿದ್ವಿ

ಪಟ್ಟಿಯನ್ನ ಹರಿದು ಹೊಸದು ಬರೆದ್ವಿ. ಬ್ರೇಕ್ ಶೂ, ಪ್ಯಾಡು, ಸಿಲಿಂಡರ್ ಕಿಟ್ಟು, ಹೊಸ ಆಯಿಲ್. ಕಂಪನಿ ಅಳತೆಯ ಐದು ಟೈರು, ಸ್ಟೆಪ್ನಿ ಸೇರಿ. ರೇಡಿಯೇಟರ್ ಶುಚಿ ಮಾಡಿಸಿ ಹೋಸ್ ಪೈಪ್ ಬದಲಾವಣೆ. ಬುಷ್, ಶಾಕ್. ಹಿಂದಿನ ಸೀಟಿನ ಕೆಳಗೆ ಧೂಳಲ್ಲಿ ಹೂತಿದ್ದ ಸೀಟ್ ಬೆಲ್ಟುಗಳನ್ನ ಎಳೆದು, ಕೆಟ್ಟಿದ್ದನ್ನ ಹೊಸದು ಹಾಕಿಸಿದ್ವಿ. ಒಂದು ಬೆಂಕಿ ನಂದಿಸೋ ಸಿಲಿಂಡರ್, ಒಂದು ಫಸ್ಟ್ ಏಡ್ ಡಬ್ಬ, ಎರಡು ಪ್ರತಿಫಲಕ ತ್ರಿಕೋನ. ಅಜ್ಜಿಯ ಮಂಡಿಗೆ ಹತ್ತೋಕೆ ಅನುಕೂಲ ಆಗ್ಲಿ ಅಂತ ಒಂದು ಮರದ ಮೆಟ್ಟಿಲು, ಊರಿನ ಬಡಗಿ ಮಾಡಿಕೊಟ್ಟಿದ್ದು. ಇಡೀ ಗಾಡಿಯಲ್ಲಿ ಎಲ್ಲರೂ ಮೆಚ್ಚಿದ ಐಟಂ ಅದೇ. ಎಲ್ಲ ಸೇರಿ ಮೊದಲ ಪಟ್ಟಿಯ ಅರ್ಧದಷ್ಟೂ ಖರ್ಚಾಗಲಿಲ್ಲ.

ಟೆಂಟ್ ತಗೊಳ್ಳಲಿಲ್ಲ. ಕಾರಣ ತೂಕ ಮಾತ್ರ ಅಲ್ಲ. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಜೀವಿಧಾಮ, ಪಕ್ಕದ ಕಾವೇರಿ ವನ್ಯಜೀವಿಧಾಮ 1987ರಿಂದ ಇದೆ. ಅಲ್ಲಿ ಸಿಕ್ಕ ಕಡೆ ಗಾಡಿ ನಿಲ್ಲಿಸಿ ಒಲೆ ಹಚ್ಚೋಕಾಗಲ್ಲ, ಹಚ್ಚಲೂಬಾರದು. ವಿಡಿಯೋದಲ್ಲಿ ನೋಡೋ ಖಾಲಿ ಮರುಭೂಮಿ ನಮ್ಮಲ್ಲಿಲ್ಲ. ನಮ್ಮ ದಾರಿಯಲ್ಲಿ ಆನೆ ಇದೆ, ಅಥವಾ ಯಾರದ್ದೋ ಹೊಲ ಇದೆ. ಬೆಟ್ಟದ ಮೇಲೆ ಪ್ರಾಧಿಕಾರದ ವಸತಿಗೃಹಗಳಿವೆ, ಅಲ್ಲೇ ಉಳಿಯೋದು ಅಂತ ಆಯ್ತು.

ಕನಕಪುರ, ಸಾತನೂರು, ಮಳವಳ್ಳಿ, ಕೊಳ್ಳೇಗಾಲ, ಹನೂರು ಮೇಲೆ ಅವರು ಹೋಗಿ ಬಂದ್ರು. ಗಾಡಿಯಲ್ಲಿ ಐದೇ ಜನ, ಅಜ್ಜಿ ಮುಂದಿನ ಸೀಟಲ್ಲಿ. ನಮ್ಮ ಗೆಳೆಯ, ಅವನ ತಂಗಿ ಕೆಂಪು ಬಸ್ಸಲ್ಲಿ. ದಾರಿಯಲ್ಲಿ ಒಂದು ಹೊಂಗೆ ಮರದ ಕೆಳಗೆ ಗಾಡಿಯವರು ಉಪ್ಪಿಟ್ಟು ಮಾಡ್ಕೊಂಡು ತಿಂದ ಫೋಟೋ ಬಂತು. ಬಸ್ಸಲ್ಲಿದ್ದ ನಮ್ಮವನಿಗೆ ಅದನ್ನ ನೋಡಿ ಹೊಟ್ಟೆ ಉರೀತಂತೆ.

ವಾಪಸ್ ಇಳಿಯುವಾಗ ಅವರಪ್ಪ ಎರಡನೇ ಗೇರಲ್ಲೇ ಇಳಿಸಿದ್ರಂತೆ. ತಾಳಬೆಟ್ಟದಲ್ಲಿ ನಿಲ್ಲಿಸಿ ಚಕ್ರದ ಹತ್ತಿರ ಮೂಸಿ ನೋಡಿ ನಮಗೇ ಫೋನ್ ಮಾಡಿದ್ರು: "ವಾಸನೆ ಇಲ್ಲ ಕಣ್ರಪ್ಪಾ, ಪೆಡಲ್ಲು ಮೇಲೇ ನಿಂತೈತೆ." ಆರು ಸೆಮಿಸ್ಟರ್‌ನಲ್ಲಿ ಯಾವ ಲ್ಯಾಬ್ ಎಕ್ಸಾಮೂ ನಮಗೆ ಇಷ್ಟು ಖುಷಿ ಕೊಟ್ಟಿರಲಿಲ್ಲ.

ನಿಮ್ಮ ಊರಲ್ಲೂ ಇಂಥ ಒಂದು ಗಾಡಿ ಇರುತ್ತೆ. ಈ ಸಲ ಹಬ್ಬಕ್ಕೆ ಹೋದಾಗ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಬಣ್ಣ ನೋಡಿ, ಟೈರಿನ ನಾಲ್ಕು ಅಂಕಿ ಓದಿ, ಆರ್‌ಸಿಯಲ್ಲಿ ಎಷ್ಟು ಸೀಟು ಅಂತ ನೋಡಿ. ಹತ್ತು ನಿಮಿಷದ ಕೆಲಸ. ಆಮೇಲೂ ದುಡ್ಡು ಉಳಿದಿದ್ರೆ, ಲೈಟ್ ಬಾರ್ ವಿಷಯ ಕೂತು ಮಾತಾಡೋಣ.